ಬಿಲದ ಮೇಲಣ ಮನೆ

ಅರಗಿನ ಮನೆಯ ಕಥೆಯನ್ನು ಕೇಳದವರು ವಿರಳ. ವಾರಣಾವತದಲ್ಲಿ ಪುರೋಚನನು ಕಟ್ಟಿಸಿದ ಆ ಮನೆಯ ಗೋಡೆಗಳಲ್ಲಿ ತುಪ್ಪ ಅರಗುಗಳ ವಾಸನೆ ಸೇರಿರುವುದನ್ನು ಧರ್ಮರಾಯನು ಹೊಕ್ಕ ಕೂಡಲೇ ಗುರುತಿಸಿದುದು, ವಿದುರನು ಕಳುಹಿದ ಖನಕನೊಬ್ಬನು ಗುಟ್ಟಾಗಿ ಬಂದು ಮನೆಯ ನಡುವೆಯೇ ಬಿಲವನ್ನು ತೋಡಿ ಅದರ ಬಾಯಿಗೆ ನೆಲದ ಮಟ್ಟಕ್ಕೆ ಸರಿಯಾಗಿ ಕದವನ್ನು ಇಟ್ಟುದು, ಪಾಂಡವರು ಹಗಲೆಲ್ಲ ಬೇಟೆಯ ನೆವದಿಂದ ಅಡವಿಯ ದಾರಿಗಳನ್ನು ತಿಳಿದುಕೊಂಡು ಇರುಳು ಆಯುಧಗಳೊಡನೆ ಎಚ್ಚರದಿಂದ ಕಳೆದುದು, ಇವೆಲ್ಲವೂ ಮನೆಮನೆಯ ಮಕ್ಕಳಿಗೂ ಬಾಯಿಪಾಠವಾಗಿವೆ. ಬಿಲದ ಮೂಲಕ ಐವರು ಮಕ್ಕಳೂ ತಾಯಿಯೂ ಪಾರಾದರೆಂದು ಕೇಳುವಾಗ ಕೇಳುವವರ ಎದೆಯಿಂದ ಒಂದು ನಿಟ್ಟುಸಿರು ಹೊರಡುವುದು. ಕಥೆ ಹೇಳುವವರೂ ಸಾಮಾನ್ಯವಾಗಿ ಅಲ್ಲಿಗೆ ನಿಲ್ಲಿಸಿ ಹಿಡಿಂಬವನದ ಕಡೆಗೆ ಹೊರಳುವರು.

ಆದರೆ ಮೂಲದಲ್ಲಿ ಕಥೆ ಅಷ್ಟಕ್ಕೆ ಮುಗಿಯುವುದಿಲ್ಲ. ಆ ರಾತ್ರಿ ಕುಂತಿಯು ಅನ್ನದಾನವನ್ನು ಮಾಡಿಸಿದ್ದಳು. ಉಂಡವರೆಲ್ಲ ಮನೆಗೆ ಹೋದರು. ಒಬ್ಬ ನಿಷಾದಿ ಮಾತ್ರ ತನ್ನ ಐವರು ಮಕ್ಕಳೊಡನೆ ಮದ್ಯವನ್ನು ಕುಡಿದು ಮೈಮರೆತು ಅಲ್ಲಿಯೇ ಮಲಗಿದಳು. ಭೀಮನು ಬೆಂಕಿಯಿಟ್ಟನು. ಬೆಳಗಾದ ಮೇಲೆ ಊರವರು ಬೂದಿಯಲ್ಲಿ ಕಂಡುದು ಆ ಆರು ಶವಗಳನ್ನು. ಅವನ್ನೇ ಪಾಂಡವರ ಶವಗಳೆಂದು ಬಗೆದು ಅತ್ತರು. ಬೂದಿಯನ್ನು ಬಾಚುವ ನೆವದಲ್ಲಿ ಖನಕನು ಬಿಲದ ಬಾಯಿಗೆ ಮಣ್ಣು ಮುಚ್ಚಿದನು. ಗುಟ್ಟು ಗುಟ್ಟಾಗಿಯೇ ಉಳಿಯಿತು. ನಿಷಾದಿಯು ಅಲ್ಲಿಗೆ ಬಂದುದು ಯದೃಚ್ಛೆಯಿಂದ, ಕಾಲಪ್ರೇರಣೆಯಿಂದ ಎಂದು ವ್ಯಾಸರು ಹೇಳುತ್ತಾರೆ. ಅದೇ ಅಧ್ಯಾಯದ ಮೊದಲಿನಲ್ಲಿ, ಅವಳು ಬರುವುದಕ್ಕೆ ಮುಂಚೆಯೇ, ಆರು ಜೀವಗಳನ್ನು ಇಲ್ಲಿ ಇರಿಸಿ ಯಾರಿಗೂ ಕಾಣದಂತೆ ಹೊರಟುಹೋಗೋಣವೆಂಬ ಮಾತನ್ನು ಆಡಿದವನು ಯಾರು? ದುರ್ಯೋಧನನಲ್ಲ, ಶಕುನಿಯಲ್ಲ, ಧರ್ಮರಾಯನು. ಯದೃಚ್ಛೆ ಎಂಬ ಪದವು ಆ ಮಾತಿನ ಪಕ್ಕದಲ್ಲಿ ಎಷ್ಟು ಕಾಲ ನಿಲ್ಲಬಲ್ಲುದೆಂಬುದನ್ನು ವಾಚಕರು ತಾವೇ ನೋಡಿಕೊಳ್ಳಬಹುದು. ಮುಂದೆ ಶಾಂತಿಪರ್ವದಲ್ಲಿ ಯುಧಿಷ್ಠಿರನು ಕರ್ಣನನ್ನು ನೆನೆದು ಅಳುತ್ತಾನೆ, ಅಭಿಮನ್ಯುವನ್ನೂ ದ್ರೌಪದಿಯ ಮಕ್ಕಳನ್ನೂ ನೆನೆದು ಅಳುತ್ತಾನೆ. ಈ ತಾಯಿಗೆ ಆ ಶೋಕದಲ್ಲಿ ಎಡೆ ಸಿಕ್ಕಿದಂತೆ ಕಾಣದು. ಆಕೆಗೆ ಹೆಸರೂ ಇಲ್ಲ.

ಪ್ರಾಣರಕ್ಷಣೆಗಾಗಿಯೋ ಧರ್ಮರಕ್ಷಣೆಗಾಗಿಯೋ ನೆಲದೊಳಕ್ಕೆ ಇಳಿಯುವವನು ತನ್ನ ತಲೆಯ ಮೇಲೆ ಉಳಿದವರಿಗೆ ಏನನ್ನು ಸಲ್ಲಿಸಬೇಕಾಗಿದೆ? ಬಿಲಕ್ಕೆ ಮರೆಯಾಗಿ ನಿಂತ ಮನೆಯು ಉರಿದರೆ ಆ ಉರಿಯಲ್ಲಿ ಬಿಲದವನಿಗೆ ಪಾಲುಂಟೆ? ಪ್ರಶ್ನೆಯು ಪುರಾಣಕ್ಕೆ ಮಾತ್ರ ಸೇರಿದುದಾಗಿದ್ದರೆ ಅದನ್ನು ಟೀಕಾಕಾರರಿಗೆ ಬಿಟ್ಟುಕೊಡಬಹುದಾಗಿತ್ತು. ಆದರೆ ಇಪ್ಪತ್ತನೆಯ ಶತಮಾನದ ನಡುವಿನಲ್ಲಿ, ವಿಯಟ್ನಾಂ ದೇಶದ ಸೈಗಾನ್ ನಗರದ ಅಂಚಿನಲ್ಲಿ, ಇದೇ ಪ್ರಶ್ನೆಯು ನೂರಾರು ಮೈಲಿ ಉದ್ದದ ಸುರಂಗಗಳ ರೂಪವನ್ನು ತಾಳಿತು. ಈ ಧರ್ಮಸೂಕ್ಷ್ಮವನ್ನು ಪರೀಕ್ಷಿಸುವವರಿಗೆ ಅದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇರೆ ಸಿಕ್ಕುವುದು ಕಷ್ಟ.

ಹೋ ಚಿ ಮಿನ್ ಅವರು ೧೯೪೫ರ ಸೆಪ್ಟೆಂಬರ್ ೨ರಂದು ಹನೋಯಿಯಲ್ಲಿ ಸ್ವಾತಂತ್ರ್ಯವನ್ನು ಘೋಷಿಸಿದರು. ಫ್ರೆಂಚರು ಹಿಂದಿನ ಒಡೆತನವನ್ನು ಬಿಡಲೊಲ್ಲದೆ ಮರಳಿ ಬಂದರು. ಸೈಗಾನಿನಲ್ಲಿ ಅವರ ಸೇನೆ, ಅವರ ಪೊಲೀಸು, ಅವರ ವಿಮಾನ ನಿಲ್ದಾಣ. ಪಟ್ಟಣದ ಪಶ್ಚಿಮಕ್ಕೆ ತಾನ್ ಸನ್ ನ್ಯತ್ ವಿಮಾನ ನಿಲ್ದಾಣಕ್ಕೆ ಅನತಿದೂರದಲ್ಲಿ ಫು ತೋ ಹ್ವಾ ಎಂಬ ಹಳ್ಳಿಯಿದ್ದಿತು. ಅಡಗಲು ಬೆಟ್ಟವಿಲ್ಲ, ದಟ್ಟವಾದ ಅಡವಿಯಿಲ್ಲ. ಶತ್ರುವಿನ ಪಹರೆಯೋ ಕೂಗಳತೆಯಲ್ಲಿ. ಅಲ್ಲಿಯ ಪ್ರತಿಭಟನಕಾರರು ೧೯೪೭ರಲ್ಲಿ ನೆಲವನ್ನೇ ಅಡವಿಯಾಗಿ ಮಾಡಿಕೊಂಡರು. ಮೊದಲಿಗೆ ಒಬ್ಬಿಬ್ಬರು ಅಡಗುವ ಗುಂಡಿಗಳು; ಆಮೇಲೆ ಗುಂಡಿಯಿಂದ ಗುಂಡಿಗೆ ದಾರಿ. ಆ ಹಳ್ಳಿಯ ಬಳಿ ಫ್ರೆಂಚರಿಗೆ ದೊಡ್ಡದೊಂದು ಬಾಂಬುಗಳ ಉಗ್ರಾಣವಿದ್ದು, ೧೯೫೪ರಲ್ಲಿ ಯುದ್ಧವು ಮುಗಿಯುವ ಹೊತ್ತಿಗೆ ಅದನ್ನು ಪ್ರತಿಭಟನಕಾರರು ಸಿಡಿಸಿ ಸುಟ್ಟರು. ಇಂದು ಆ ಹಳ್ಳಿ ಹಳ್ಳಿಯಾಗಿ ಉಳಿದಿಲ್ಲ. ಸುತ್ತಣ ಪ್ರದೇಶವು ೨೦೦೩ರಲ್ಲಿ ತಾನ್ ಫು ಎಂಬ ನಗರ ಜಿಲ್ಲೆಯಾಗಿ, ೨೦೨೫ರ ಜುಲೈ ೧ರಂದು ಆ ಜಿಲ್ಲೆಯೂ ರದ್ದಾಗಿ ವಾರ್ಡುಗಳಾಗಿ ಹಂಚಿಹೋಯಿತು. ಕಿರಿದಾದ ಓಣಿಗಳು, ಒತ್ತಾಗಿ ನಿಂತ ಮನೆಗಳು, ಅಂಗಡಿಗಳು, ಕಾರ್ಖಾನೆಗಳು, ಒಂದು ಭಾರಿ ಜಪಾನೀ ಮಳಿಗೆ. ಇವುಗಳ ನಡುವೆ ಸುರಂಗದ ಅಲ್ಪ ಭಾಗವೊಂದನ್ನು ಸ್ಮಾರಕವಾಗಿ ಕಾಪಾಡಿದ್ದಾರೆ. ಉಳಿದ ನೆಲದ ಮೇಲೆ ಸಂಸಾರಗಳು ಅಡುಗೆ ಮಾಡಿ ಉಂಡು ಮಲಗುತ್ತಿವೆ. ತಮ್ಮ ಒಲೆಯ ಕೆಳಗೆ ಒಂದು ಕಾಲದಲ್ಲಿ ಯಾರು ಉಸಿರು ಬಿಗಿಹಿಡಿದು ಕುಳಿತಿದ್ದರೆಂಬುದು ಅವರಲ್ಲಿ ಬಹು ಜನಕ್ಕೆ ತಿಳಿಯದೆಯೂ ಇರಬಹುದು.

ಫು ತೋ ಹ್ವಾ ಮೊಳಕೆಯಾದರೆ ಕು ಚಿ ಹೆಮ್ಮರ. ಸೈಗಾನಿಗೆ ವಾಯವ್ಯದಲ್ಲಿರುವ ಈ ಗ್ರಾಮಾಂತರ ಪ್ರದೇಶದಲ್ಲಿಯೂ ತೋಡುವ ಕೆಲಸವು ೧೯೪೦ರ ದಶಕದ ಕೊನೆಯಲ್ಲಿಯೇ ಮೊದಲಾಯಿತು. ೧೯೫೪ರ ಜಿನೀವಾ ಒಪ್ಪಂದವು ದೇಶವನ್ನು ಎರಡಾಗಿ ವಿಂಗಡಿಸಿತು. ೧೯೫೬ರಲ್ಲಿ ನಡೆಯಬೇಕಾಗಿದ್ದ ಚುನಾವಣೆ ನಡೆಯಲಿಲ್ಲ. ೧೯೬೦ರಲ್ಲಿ ದಕ್ಷಿಣದಲ್ಲಿ ರಾಷ್ಟ್ರೀಯ ವಿಮೋಚನಾ ರಂಗವು ಹುಟ್ಟಿತು. ೧೯೬೫ರಲ್ಲಿ ಅಮೆರಿಕದ ಸೈನ್ಯವು ನೇರವಾಗಿ ರಣಕ್ಕೆ ಇಳಿಯಿತು. ಒಂದೊಂದು ಮಜಲಿಗೂ ಸುರಂಗಗಳು ಉದ್ದವಾದುವು, ಆಳವಾದುವು. ಕಡೆಗೆ ಅವುಗಳ ಒಟ್ಟು ಉದ್ದವು ಸುಮಾರು ೨೫೦ ಕಿಲೋಮೀಟರುಗಳಷ್ಟಾಯಿತೆಂದು ಹೇಳುವರು. ಮೂರು ಅಂತಸ್ತುಗಳ ಈ ಜಾಲದಲ್ಲಿ ಮಲಗುವ ಎಡೆ, ಆಯುಧಗಳ ಕೋಣೆ, ಗಾಯಾಳುಗಳಿಗೆ ಚಿಕಿತ್ಸೆ ನಡೆಯುವ ಕೋಣೆ, ಸಭೆಯ ಕೋಣೆ, ಬಾವಿ ಎಲ್ಲವೂ ಇದ್ದುವು.

ಅಲ್ಲಿಯ ಮಣ್ಣಿನ ಗುಣವೇ ಇದಕ್ಕೆ ಒತ್ತಾಸೆಯಾಯಿತು. ಜೇಡಿ ಬೆರೆತ ಆ ಕೆಂಪು ನೆಲವು ಮಳೆಗಾಲದಲ್ಲಿ ಗುದ್ದಲಿಗೆ ಮಣಿಯುವುದು. ಒಣಗಿತೆಂದರೆ ಕಲ್ಲಿನಂತೆ ಬಿಗಿದುಕೊಂಡು ನಿಲ್ಲುವುದು. ಉಪಕರಣವೆಂದರೆ ಹಿಡಿ ಮೋಟಾದ ಗುದ್ದಲಿ, ಬಿದಿರಿನ ಬುಟ್ಟಿ, ಇಷ್ಟೇ. ಹೆಂಗಸರು ಮುದುಕರು ಸಹ ಈ ಕೆಲಸಕ್ಕೆ ಕೈಹಾಕಿದರು. ತೋಡುವುದಾದರೂ ಆದೀತು, ತೋಡಿದ ಮಣ್ಣನ್ನು ಅಡಗಿಸುವುದು ಹೇಗೆ? ಹೊಸ ಮಣ್ಣಿನ ರಾಶಿಯನ್ನು ಕಂಡರೆ ಮೇಲೆ ಹಾರುವ ವಿಮಾನಕ್ಕೆ ಬೇರೆ ಗುರುತು ಬೇಕಾಗಿಲ್ಲ. ಬಾಂಬು ಬಿದ್ದ ಹಳ್ಳಗಳಿಗೆ ಸುರಿದರು, ಹೊಳೆಗೆ ಎಸೆದರು, ಉತ್ತ ಹೊಲದಲ್ಲಿ ಹರಡಿದರು. ಈ ತೊಡಕನ್ನು ವ್ಯಾಸರೂ ಮರೆತಿರಲಿಲ್ಲವೆಂಬುದು ಗಮನಾರ್ಹ: ವಿದುರನ ಖನಕನು ಬಿಲವನ್ನು ತೋಡುವಾಗ ಮನೆಯ ಸುತ್ತ ಕಂದಕವನ್ನು ಅಗೆಯುವ ನಟನೆಯನ್ನು ಮಾಡಿದನೆಂದು ಬರೆದಿದ್ದಾರೆ. ನೆಲದ ಕೆಲಸವನ್ನು ಬಲ್ಲವರನ್ನು ಕೇಳಿ ಬರೆದ ಮಾತಿದು.

ದಾರಿಗಳು ಬಗ್ಗಿ ನಡೆಯುವಷ್ಟು, ಎಷ್ಟೋ ಕಡೆಗಳಲ್ಲಿ ತೆವಳುವಷ್ಟು ಮಾತ್ರ ಇದ್ದುವು. ನೆಟ್ಟಗೆ ಸಾಗದೆ ಅಂಕುಡೊಂಕಾಗಿ ತಿರುಗುತ್ತಿದ್ದುವು. ಮೇಲಿನಿಂದ ಸಿಡಿಸಿದ ಮದ್ದಿನ ಹೊಡೆತವು ದೂರ ಹಾಯದಿರಲೆಂದೂ ಒಳಹೊಕ್ಕವನ ಗುಂಡು ನೇರವಾಗಿ ಬಾರದಿರಲೆಂದೂ ಈ ಏರ್ಪಾಡು. ಗಾಳಿಗಂಡಿಗಳನ್ನು ಹುತ್ತಗಳ ಮರೆಯಲ್ಲಿ ಬಿಟ್ಟಿದ್ದರು. ವಾಸನೆ ಹಿಡಿಯುವ ನಾಯಿಗಳು ಬಂದರೆ ಗಂಡಿಯ ಬಳಿ ಮೆಣಸಿನ ಪುಡಿಯನ್ನು ಚೆಲ್ಲುವರು, ಇಲ್ಲವೆ ಅಮೆರಿಕದ ಸಾಬೂನನ್ನೇ ಬಳಸಿ ನಾಯಿಗೆ ಒಡೆಯನ ವಾಸನೆಯನ್ನೇ ಒಡ್ಡುವರು. ಅಡುಗೆಯ ಹೊಗೆಯನ್ನು ಉದ್ದನೆಯ ಮಣ್ಣಿನ ಕಾಲುವೆಗಳಲ್ಲಿ ಹಾಯಿಸಿ, ತಣಿಸಿ, ನೆಲಮಟ್ಟದಲ್ಲಿ ತೆಳ್ಳನೆಯ ಮಂಜಿನಂತೆ ಹೊರಬಿಡುವ ಒಲೆಯೊಂದಿತ್ತು. ಫ್ರೆಂಚರೊಡನೆಯ ಯುದ್ಧದ ಕಾಲದಲ್ಲಿ ಅದನ್ನು ಹೂಡಿದ ಹ್ವಾಂಗ್ ಕಮ್ ಎಂಬ ಸೈನ್ಯದ ಅಡುಗೆಯವನ ಹೆಸರೇ ಅದಕ್ಕೆ ನಿಂತಿದೆ. ಸೇನಾಪತಿಗಳ ಹೆಸರಿನ ಬೀದಿಗಳು ಎಲ್ಲ ದೇಶಗಳಲ್ಲಿಯೂ ಉಂಟು. ಅಡುಗೆಯವನ ಹೆಸರಿನ ಒಲೆ ಅಪರೂಪ. ಆ ಒಲೆಯ ಮೇಲೆ ಬೇಯುತ್ತಿದ್ದುದು ಬಹುಮಟ್ಟಿಗೆ ಮರಗೆಣಸು. ಇಷ್ಟೆಲ್ಲ ಇದ್ದರೂ ಒಳಗಣ ಬದುಕು ಬದುಕೆನ್ನಿಸಿಕೊಳ್ಳುವಂತಿರಲಿಲ್ಲ. ಚಳಿಜ್ವರ, ಹುಳು, ಹಾವು ಚೇಳು, ಉಸಿರಿಗೆ ಸಾಲದ ಗಾಳಿ, ದಿನಗಟ್ಟಲೆ ಕತ್ತಲೆ. ಸುರಂಗಾ ಎಂಬ ಪದವು ಗ್ರೀಕರ ಸಿರಿಂಕ್ಸ್ ಎಂಬ ಪದದಿಂದ ಸಂಸ್ಕೃತಕ್ಕೆ ಬಂದಿತೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಆ ಗ್ರೀಕ್ ಪದಕ್ಕೆ ಕೊಳಲೆಂಬ ಅರ್ಥವೂ ಉಂಟು. ಕು ಚಿಯ ಕೊಳಲಿನೊಳಗೆ ಉಸಿರೇ ದುರ್ಲಭವಾಗಿತ್ತು.

ಅಡಗುವುದು ಹೇಡಿತನವೆಂಬ ಆಕ್ಷೇಪವೊಂದುಂಟು. ಅದನ್ನು ಬೇಗನೆ ಮುಗಿಸಬಹುದು. ಶರಶಯ್ಯೆಯಲ್ಲಿ ಮಲಗಿದ ಭೀಷ್ಮನು ಆಪದ್ಧರ್ಮವನ್ನು ಬೋಧಿಸುವಾಗ ಪಲಿತನೆಂಬ ಇಲಿಯ ಕಥೆಯನ್ನು ಹೇಳುತ್ತಾನೆ. ಆಲದ ಮರದ ಬುಡದಲ್ಲಿ ನೂರು ಬಾಯಿಗಳ ಬಿಲವನ್ನು ಮಾಡಿಕೊಂಡಿದ್ದ ಆ ಇಲಿಯನ್ನು ಅವನು ಕರೆಯುವುದು ಹೇಡಿಯೆಂದಲ್ಲ, ಮಹಾಪ್ರಾಜ್ಞನೆಂದು. ಬಲಿಷ್ಠನು ವಿಮಾನದಿಂದ ಹೊಡೆಯುವಾಗ ದುರ್ಬಲನು ಬಯಲಿನಲ್ಲಿ ಎದೆಯೊಡ್ಡಿ ನಿಲ್ಲಬೇಕೆಂದು ವಿಧಿಸುವುದು ಬಲಿಷ್ಠನಿಗೆ ಅನುಕೂಲವಾದ ಧರ್ಮಶಾಸ್ತ್ರವೇ ಸರಿ. ಆದರೆ ಪಲಿತನ ಬಿಲದ ಮೇಲೆ ಇದ್ದುದು ಆಲದ ಮರ. ಅದರ ಕೊಂಬೆಗಳಲ್ಲಿ ಹಕ್ಕಿಗಳಿದ್ದುವು, ಅವನ್ನು ತಿನ್ನುವ ಬೆಕ್ಕಿತ್ತು. ಬೇಡನು ಇಲಿಗಾಗಿ ಮರವನ್ನೇ ಕಡಿದಿದ್ದರೆ ಆ ಹಕ್ಕಿಗಳ ಗತಿ ಏನೆಂಬುದನ್ನು ಭೀಷ್ಮನು ಎತ್ತಿಕೊಳ್ಳಲಿಲ್ಲ.

ಕು ಚಿಯಲ್ಲಿ ಬೇಡನು ಮರವನ್ನೇ ಕಡಿದನು. ೧೯೬೬ರ ಜನವರಿಯಲ್ಲಿ ಅಮೆರಿಕ ಆಸ್ತ್ರೇಲಿಯಗಳ ಸುಮಾರು ೮,೦೦೦ ಸೈನಿಕರು ಹೋ ಬೋ ಅಡವಿಯನ್ನು ಮುತ್ತಿದರು. ಎದುರಿಗೆ ಯಾರೂ ಇಲ್ಲ, ಗುಂಡುಗಳು ಮಾತ್ರ ಎಲ್ಲಿಂದಲೋ ಬರುತ್ತಿವೆ. ಶತ್ರುವು ಕಾಲ ಕೆಳಗೇ ಇದ್ದಾನೆಂಬುದು ಆಗ ಅವರಿಗೆ ಮನದಟ್ಟಾಯಿತು. ಮೈಕಟ್ಟು ಸಣ್ಣದಾಗಿದ್ದ ಸೈನಿಕರನ್ನು ಆರಿಸಿ ಒಂದು ಕೈದೀಪ, ಒಂದು ಪಿಸ್ತೂಲು, ಒಂದು ಚೂರಿಯನ್ನು ಕೊಟ್ಟು ಒಳಕ್ಕೆ ಇಳಿಸಿದರು. ಅವರಿಗೆ ಸುರಂಗದ ಇಲಿಗಳೆಂಬ ಹೆಸರು ಬಂದಿತು. ಆಸ್ತ್ರೇಲಿಯದ ಒಬ್ಬ ಎಂಜಿನಿಯರ್ ಸೈನಿಕನು ಆ ದಿನಗಳಲ್ಲಿಯೇ ಕಿರಿದಾದ ಕದದಲ್ಲಿ ಸಿಕ್ಕಿಬಿದ್ದು ಉಸಿರುಕಟ್ಟಿ ಸತ್ತನು. ಅವನೂ ಯಾರೋ ತಾಯಿಯ ಮಗ. ಆ ಕತ್ತಲೆಗೆ ಅವನನ್ನು ಕಳುಹಿದವರು ಬೆಳಕಿನಲ್ಲಿಯೇ ಇದ್ದರು. ಅದೇ ವರ್ಷ ಅಮೆರಿಕದ ೨೫ನೆಯ ಪದಾತಿ ವಿಭಾಗವು ಕು ಚಿಯ ಡೊಂಗ್ ಡೂ ಎಂಬಲ್ಲಿ ದೊಡ್ಡ ಪಾಳೆಯವನ್ನು ಕಟ್ಟಿಕೊಂಡಿತು. ಆ ಪಾಳೆಯದ ಒಳಗೇ ಇರುಳಿನಲ್ಲಿ ಗುಂಡುಗಳು ಹಾರತೊಡಗಿದುವು. ಸುರಂಗಗಳ ನೆತ್ತಿಯ ಮೇಲೆಯೇ ಬೀಡುಬಿಟ್ಟಿದ್ದೇವೆಂಬುದು ಅವರಿಗೆ ತಿಳಿಯಲು ಕಾಲ ಹಿಡಿಯಿತು.

ಬಿಲವನ್ನು ಹೊಕ್ಕು ಗೆಲ್ಲಲಾರದವನು ಬಿಲದ ಮೇಲಣ ಮನೆಯ ಮೇಲೆ ಬಿದ್ದನು. ೧೯೬೭ರ ಜನವರಿ ೮ರ ಬೆಳಗ್ಗೆ, ಕು ಚಿಗೆ ಎದುರಾಗಿ ಸೈಗಾನ್ ನದಿಯ ಆಚೆಯ ದಡದಲ್ಲಿದ್ದ ಬೆನ್ ಸುಕ್ ಎಂಬ ಹಳ್ಳಿಯ ಮೇಲೆ ೬೦ ಹೆಲಿಕಾಪ್ಟರುಗಳು ಇಳಿದುವು. ಸುಮಾರು ೩,೫೦೦ ಜನರ ಊರು. ಗದ್ದೆ, ತೋಟ, ದನಕರು, ಸಂತೆ ಇದ್ದ ತಕ್ಕಮಟ್ಟಿಗೆ ಸುಖವಾದ ಊರು. ಓಡಿದವರನ್ನು ಶತ್ರುಗಳೆಂದು ಬಗೆದು ಕೊಲ್ಲುವೆವೆಂಬ ಕೂಗು ಆಕಾಶದಿಂದ ಕೇಳಿಬಂದಿತು. ಹರೆಯದ ಗಂಡಸರನ್ನು ಬೇರ್ಪಡಿಸಿ ವಿಚಾರಣೆಗೆ ಒಯ್ದರು. ಉಳಿದವರನ್ನು ಕೈಗೆ ಸಿಕ್ಕಿದ ಪಾತ್ರೆಪಗಡಗಳೊಡನೆ ಲಾರಿಗಳಲ್ಲಿ ತುಂಬಿ ಫು ಲೋಯಿ ಎಂಬಲ್ಲಿಯ ಬಯಲು ಶಿಬಿರಕ್ಕೆ ಸಾಗಿಸಿದರು. ಆಮೇಲೆ ಮನೆಗಳಿಗೆ ಬೆಂಕಿ. ಬೆಂಕಿಯಲ್ಲಿ ಉಳಿದುದಕ್ಕೆ ಬುಲ್ಡೋಜರು. ಬುಲ್ಡೋಜರು ನೆಲಸಮ ಮಾಡಿದ ನೆಲಕ್ಕೆ, ಕೆಳಗಣ ಸುರಂಗಗಳು ಕುಸಿಯಲೆಂದು, ವಿಮಾನದ ಬಾಂಬು. ಸುಮಾರು ೩೦,೦೦೦ ಸೈನಿಕರು ಭಾಗಿಗಳಾಗಿದ್ದ ಈ ಕಾರ್ಯಾಚರಣೆಯಲ್ಲಿ ಬೆನ್ ಸುಕ್ ಮತ್ತು ನೆರೆಯ ಹಳ್ಳಿಗಳಿಂದ ಎಬ್ಬಿಸಿದವರು ೬,೦೦೦ದಷ್ಟು ಜನ. ಅವರಲ್ಲಿ ಮಕ್ಕಳ ಸಂಖ್ಯೆಯೇ ಹೆಚ್ಚು. ಅಮೆರಿಕದವನೇ ಆದ ಜೊನಾಥನ್ ಶೆಲ್ ಎಂಬ ತರುಣ ಪತ್ರಕರ್ತನು ಇದನ್ನೆಲ್ಲ ಕಣ್ಣಾರೆ ಕಂಡು ಅದೇ ವರ್ಷ ಬರೆದು ಪ್ರಕಟಿಸಿದ್ದರಿಂದ ಈ ಊರಿನ ಹೆಸರು ಲೋಕಕ್ಕೆ ತಿಳಿಯಿತು. ಬರೆಯುವವನು ಜೊತೆಯಲ್ಲಿಲ್ಲದ ದಿನ ಅಳಿದ ಊರುಗಳಿಗೆ ಆ ಭಾಗ್ಯವೂ ಇಲ್ಲ.

ಈ ಪಾಪವು ಯಾರದು? ಸುಟ್ಟವನದು. ಇದರಲ್ಲಿ ಸಂದೇಹಕ್ಕೆ ಎಡೆಯಿಲ್ಲ, ಇರಲೂಬಾರದು. ಕಳ್ಳನು ಮನೆಯಲ್ಲಿ ಅಡಗಿದ್ದಾನೆಂದು ಮನೆಯವರೊಡನೆ ಮನೆಯನ್ನು ಸುಡುವ ಅಧಿಕಾರವನ್ನು ಯಾವ ಸ್ಮೃತಿಯೂ ರಾಜನಿಗೆ ಕೊಟ್ಟಿಲ್ಲ. ಹಾಗಿರುವಾಗ ಸಾವಿರಾರು ಮೈಲಿ ದೂರದಿಂದ ಬಂದವನಿಗೆ ಅದು ಎಲ್ಲಿಂದ ಬಂದೀತು? ಸುರಂಗದವರ ಹೊಣೆಯನ್ನು ವಿಚಾರಿಸುವವರು ಈ ಮೊದಲ ಮಾತನ್ನು ಸಡಿಲಿಸಿದರೆ ಅವರ ವಿಚಾರವು ಬೆಂಕಿಯಿಟ್ಟವನ ವಕಾಲತ್ತಾಗಿ ಪರಿಣಮಿಸುವುದು. ಯುದ್ಧ ಮಾಡಿದ ಸರ್ಕಾರಗಳು ಜನರ ನಡುವೆ ಶತ್ರುವು ಅಡಗಿದ್ದನೆಂಬ ನೆಪವನ್ನು ಬೆನ್ ಸುಕ್ಕಿಗೆ ಮೊದಲೂ ಹೇಳಿವೆ, ಆಮೇಲೆಯೂ ಹೇಳಿವೆ.

ಆದರೆ ಪಾಪವು ಒಬ್ಬನದೆಂದು ಗೊತ್ತಾದ ಮಾತ್ರಕ್ಕೆ ಋಣವು ಬೇರೊಬ್ಬನ ಮೇಲಿಲ್ಲವೆಂದು ಆಗುವುದಿಲ್ಲ. ಪಾಪ ಋಣಗಳನ್ನು ಹಿರಿಯರು ಬೇರೆಬೇರೆಯಾಗಿಯೇ ಎಣಿಸಿದ್ದಾರೆ. ಪಾಪಕ್ಕೆ ಪ್ರಾಯಶ್ಚಿತ್ತವುಂಟು, ಅದನ್ನು ಮಾಡಿಕೊಳ್ಳುವವನು ಒಬ್ಬನೇ ಕುಳಿತು ಮಾಡಿಕೊಳ್ಳಬಹುದು. ಋಣವು ಹಾಗಲ್ಲ, ಕೊಟ್ಟವನೊಬ್ಬನು ಎದುರಿಗಿದ್ದಾನೆ, ಅವನಿಗೇ ಸಲ್ಲಬೇಕು. ದೇವಋಣ ಋಷಿಋಣ ಪಿತೃಋಣಗಳೆಂಬ ಮೂರನ್ನು ಎಲ್ಲರೂ ಹೇಳುತ್ತಾರೆ. ಶತಪಥ ಬ್ರಾಹ್ಮಣವು ನಾಲ್ಕನೆಯದಾಗಿ ಮನುಷ್ಯಋಣವನ್ನು ಹೇಳಿ, ಮನುಷ್ಯರಿಗೆ ಇರಲು ಎಡೆಯನ್ನೂ ಉಣ್ಣಲು ಅನ್ನವನ್ನೂ ಕೊಡುವುದರಿಂದ ಅದು ತೀರುವುದೆಂದು ವಿಧಿಸುತ್ತದೆ. ವಾರಣಾವತದ ರಾತ್ರಿ ನಿಷಾದಿಗೆ ದೊರೆತುದು ಆ ಎರಡೇ: ಅನ್ನ, ಮಲಗಲು ಎಡೆ. ಮನುಷ್ಯಋಣವನ್ನು ತೀರಿಸತಕ್ಕ ವಿಧಿಯೇ ಅಲ್ಲಿ ಋಣವನ್ನು ತೀರಲಾರದಷ್ಟು ಬೆಳೆಸಿತು.

ಕು ಚಿಯನ್ನು ವಾರಣಾವತದೊಡನೆ ಹೋಲಿಸುವುದು ಅನ್ಯಾಯವೆಂದು ಒಬ್ಬರು ಹೇಳಬಹುದು. ಆ ಮಾತಿನಲ್ಲಿ ಬಹಳ ಸತ್ಯವಿದೆ. ನಿಷಾದಿಯು ನಿದ್ದೆಯಲ್ಲಿದ್ದಳು, ಕು ಚಿಯ ಹಳ್ಳಿಗರು ಎಚ್ಚರದಲ್ಲಿದ್ದರು. ಅವಳಿಗೆ ಬಿಲವೊಂದಿದೆಯೆಂದೇ ಗೊತ್ತಿರಲಿಲ್ಲ. ಇವರು ತಾವೇ ತೋಡಿದರು, ತಾವೇ ಮಣ್ಣು ಹೊತ್ತರು, ಬಾಂಬು ಬಿದ್ದಾಗ ತಾವೂ ಅದರಲ್ಲಿ ಇಳಿದರು. ಕೆಳಗಿದ್ದವನು ಮೇಲಿದ್ದವಳ ಮಗ. ಮೇಲಿದ್ದ ಮುದುಕನು ಕೆಳಗಿದ್ದವಳ ತಂದೆ. ಹಗಲು ಗದ್ದೆಯಲ್ಲಿ, ಇರುಳು ಸುರಂಗದಲ್ಲಿ ಇದ್ದವರೂ ಉಂಟು. ಪಾಂಡವರು ಪಾರಾಗಿ ಹೋದರು. ಕು ಚಿಯವರು ಎಲ್ಲಿಗೂ ಹೋಗಲಿಲ್ಲ. ಯುದ್ಧ ಮುಗಿದ ೧೯೭೫ರ ಏಪ್ರಿಲ್ ೩೦ರ ವರೆಗೆ ಅವರ ಬಿಲಕ್ಕೆ ಆಚೆಯ ತುದಿಯೆಂಬುದು ಇರಲೇ ಇಲ್ಲ. ದೇಶದ ನಡುಭಾಗದಲ್ಲಿ, ಕಡಲಂಚಿನ ವಿನ್ ಮೋಕ್ ಎಂಬ ಹಳ್ಳಿಯವರು ಬಾಂಬಿಗೆ ಬೇಸತ್ತು ಊರನ್ನೇ ನೆಲದೊಳಕ್ಕೆ ಇಳಿಸಿ ವರ್ಷಗಟ್ಟಲೆ ಅಲ್ಲಿಯೇ ಬಾಳಿದರು. ೧೭ ಮಕ್ಕಳು ಆ ಸುರಂಗದಲ್ಲಿಯೇ ಹುಟ್ಟಿದರು. ಅಲ್ಲಿ ಮೇಲೆ ಬಿಟ್ಟುಬಂದ ನಿಷಾದಿಯೇ ಇಲ್ಲ. ಸುರಂಗಧರ್ಮದ ಶುದ್ಧವಾದ ಮಾದರಿಯೊಂದನ್ನು ತೋರಿಸಬೇಕಾದರೆ ವಿನ್ ಮೋಕನ್ನು ತೋರಿಸಬಹುದು.

ಆದರೆ ಕು ಚಿಯ ಸುರಂಗಗಳು ಆಶ್ರಯವಷ್ಟೇ ಆಗಿರಲಿಲ್ಲ, ಆಯುಧವೂ ಆಗಿದ್ದುವು. ಹೊಡೆದು ಮರೆಯಾಗುವುದಕ್ಕಾಗಿ ಅವು ಇದ್ದುವು. ಹೊಡೆದವನು ಮರೆಯಾದ ಮೇಲೆ ಮರುಹೊಡೆತವು ಯಾರ ಮೇಲೆ ಬೀಳುವುದೆಂಬುದು ಹೊಡೆಯುವಾಗಲೇ ತಿಳಿದಿತ್ತು. ಒಂದು ಹಳ್ಳಿಯವರೆಲ್ಲರೂ ಒಂದೇ ಮನಸ್ಸಿನವರಾಗಿದ್ದರೆಂದು ವಿಜಯಿಗಳ ಇತಿಹಾಸವು ಹೇಳುತ್ತದೆ; ಯಾವ ದೇಶದ ಯಾವ ಹಳ್ಳಿಯನ್ನು ಕಂಡವರೂ ಅದನ್ನು ನಂಬಲಾರರು. ರಂಗದವರು ತಮಗೆ ಎದುರಾದ ಗ್ರಾಮಾಧಿಕಾರಿಗಳನ್ನು ಕೊಂದುದೂ ಹಳ್ಳಿಗರಿಂದ ಕಂದಾಯವನ್ನು ಎತ್ತಿದುದೂ ಉಂಟು. ಅತ್ತ ಸರ್ಕಾರವು ೧೯೬೨ರಿಂದ ರೈತರನ್ನು ಅವರ ಮನೆಗಳಿಂದ ಎಬ್ಬಿಸಿ ಬೇಲಿ ಹಾಕಿದ ಹೊಸ ಹಳ್ಳಿಗಳಲ್ಲಿ ಕೂಡಿಹಾಕುತ್ತಿತ್ತು. ಇವೆರಡರ ನಡುವೆ ಎಮ್ಮೆ ಕಟ್ಟಿಕೊಂಡು, ಭತ್ತ ಬೆಳೆದುಕೊಂಡು, ಯಾರ ಗೆಲವನ್ನೂ ಬಯಸದೆ, ತನ್ನ ಹಿತ್ತಿಲಿನಲ್ಲಿ ಬಿಲದ ಬಾಯಿ ತೆರೆಯಬಾರದೆಂದು ಮನಸ್ಸಿನಲ್ಲಿಯೇ ಅಂದುಕೊಂಡ ಒಬ್ಬ ಮುದುಕಿ ಇದ್ದೇ ಇದ್ದಿರಬೇಕು. ಆಕೆಯನ್ನು ಯಾರು ಕೇಳಿದರು? ಇರುಳಿನಲ್ಲಿ ಆಯುಧವನ್ನು ಹಿಡಿದು ಬಂದವನು, ಅವನು ಎಷ್ಟೇ ವಿನಯದಿಂದ ಅಮ್ಮಾ ಎಂದು ಕರೆದರೂ, ಕೇಳುವ ಅಪ್ಪಣೆಗೆ ಇಲ್ಲವೆನ್ನುವ ಸ್ವಾತಂತ್ರ್ಯವು ಎಷ್ಟು ಉಳಿದಿರುತ್ತದೆ?

ಇಲ್ಲಿ ತೂಕವು ನಿಂತಿರುವುದು ಒಪ್ಪಿಗೆಯ ಮೇಲೆ. ಮೇಲಣ ಮನೆಯವಳು ತಿಳಿದು ಒಪ್ಪಿದ್ದರೆ ಆಕೆಯೂ ಬಿಲದವಳೇ. ಆಕೆಯ ಮನೆ ಸುಟ್ಟುದು ಹೋರಾಟದಲ್ಲಿ ಆಕೆಯ ಪಾಲು. ಒಪ್ಪಿಗೆಯನ್ನು ಕೇಳದೆ ಆಕೆಯ ಒಲೆಯ ಕೆಳಗೆ ಇಳಿದವನು, ಅವನ ಕಾರಣವು ಎಷ್ಟೇ ನ್ಯಾಯವಾದುದಾಗಿರಲಿ, ಅವನ ಶತ್ರುವು ಎಷ್ಟೇ ಕ್ರೂರಿಯಾಗಿರಲಿ, ಆಕೆಗೆ ಸಾಲಗಾರನು. ಕಾರಣವು ನ್ಯಾಯವಾದುದೆಂಬುದು ಅವನು ಸಾಲವನ್ನು ಎತ್ತಿದುದಕ್ಕೆ ಸಮಾಧಾನವಾದೀತು, ಸಾಲವು ತೀರಿತೆಂಬುದಕ್ಕೆ ರಸೀತಿಯಾಗದು. ಧರ್ಮರಾಯನು ಬದುಕಿ ಉಳಿದುದು ಒಳ್ಳೆಯದಾಯಿತೆಂದು ಒಪ್ಪುವವರೂ, ರಾಜಸೂಯದಲ್ಲಿ ಸಾವಿರಾರು ಜನಕ್ಕೆ ಅನ್ನವನ್ನಿಕ್ಕಿದ ಆ ದೊರೆಯು ನಿಷಾದರ ಹಟ್ಟಿಗೆ ಒಂದು ದಿನ ನಡೆದು ಹೋಗಿ ಆ ಆರು ಜನರ ಮಾತನ್ನು ಎತ್ತಬಹುದಾಗಿತ್ತೆಂದು ಅಂದುಕೊಂಡರೆ ಅದರಲ್ಲಿ ತಪ್ಪೇನೂ ಇಲ್ಲ.

ಗೆದ್ದವರು ಕು ಚಿಯಲ್ಲಿ ನೆನಪನ್ನು ಮರೆಯಲಿಲ್ಲವೆಂಬುದನ್ನು ಹೇಳಲೇಬೇಕು. ಸುರಂಗಗಳ ಎರಡು ಭಾಗಗಳನ್ನು, ಬೆನ್ ಡುವಾಕ್ ಮತ್ತು ಬೆನ್ ದಿನ್ ಎಂಬೆಡೆಗಳಲ್ಲಿ, ಕಾಪಾಡಿ ಜನರಿಗೆ ತೋರಿಸುತ್ತಾರೆ. ಬೆನ್ ಡುವಾಕಿನಲ್ಲಿ ೧೯೯೫ರಲ್ಲಿ ಪೂರ್ಣವಾದ ಸ್ಮಾರಕ ಮಂದಿರವೊಂದಿದೆ. ಒಂಬತ್ತು ನೆಲೆಗಳ ಗೋಪುರವೂ ಅದರ ಜೊತೆಗಿದೆ. ಮಂದಿರದ ಒಳಗೋಡೆಗಳಲ್ಲಿ ಫ್ರೆಂಚ್ ಅಮೆರಿಕನ್ ಯುದ್ಧಗಳೆರಡರಲ್ಲಿಯೂ ಮಡಿದ ೪೪,೦೦೦ಕ್ಕೂ ಮಿಕ್ಕ ಹೋರಾಟಗಾರರ ಹೆಸರುಗಳನ್ನು ಕೆತ್ತಿದ್ದಾರೆ. ಹಬ್ಬದ ದಿನಗಳಲ್ಲಿ ಮುದುಕಿಯರು ಬಂದು, ಊದುಬತ್ತಿಯನ್ನು ಹಚ್ಚಿ, ತಮ್ಮವರ ಹೆಸರು ಎಲ್ಲಿದೆಯೆಂದು ಬೆರಳಿನಿಂದ ಗೋಡೆಯನ್ನು ತಡವುವರು. ಹೆಸರಿನ ಗೋಡೆಗಿಂತ ಗಂಭೀರವಾದ ಸ್ಮಾರಕವು ಬೇರೊಂದಿಲ್ಲ. ಆ ಗೋಡೆ ಹುತಾತ್ಮರದು. ಆಯುಧವನ್ನು ಹಿಡಿಯದೆ, ಯಾರ ಕಡೆಗೂ ಸೇರದೆ, ಮನೆಯಲ್ಲಿದ್ದುದೊಂದೇ ಕಾರಣದಿಂದ ಅಳಿದವರಿಗೆ ಅಂತಹ ಗೋಡೆಯನ್ನು ಕಟ್ಟುವ ರೂಢಿಯು ವಿಯಟ್ನಾಮಿನಲ್ಲಿ ಮಾತ್ರವಲ್ಲ, ಯಾವ ದೇಶದಲ್ಲಿಯೂ ಬಹಳವಾಗಿ ಕಾಣದು.

ಮಂದಿರದ ಹೊರಗೆ ನೋಟವು ಬೇರೆ. ದೇಶದೇಶಗಳ ಯಾತ್ರಿಕರು ಗುಂಪುಗುಂಪಾಗಿ ಬರುತ್ತಾರೆ. ಅವರ ಮೈಗೆ ಹೊಂದಲೆಂದು ಸುರಂಗದ ಕೆಲವು ಭಾಗಗಳನ್ನು ಅಗಲ ಮಾಡಿದ್ದಾರೆ, ದೀಪಗಳನ್ನು ಇಟ್ಟಿದ್ದಾರೆ. ಎಲೆ ಮುಚ್ಚಿದ ಕಿರುಗಂಡಿಯಲ್ಲಿ ಎದೆಯ ವರೆಗೆ ಇಳಿದು ಮುಚ್ಚಳವನ್ನು ತಲೆಯ ಮೇಲೆ ಹಿಡಿದು ನಗುತ್ತ ಚಿತ್ರ ತೆಗೆಸಿಕೊಳ್ಳುವರು. ಗುಂಡಿಗೆ ಇಷ್ಟೆಂದು ಹಣ ತೆತ್ತು ಯುದ್ಧಕಾಲದ ಕೋವಿಗಳನ್ನು ಹಾರಿಸುವ ಮೈದಾನವೂ ಅಲ್ಲಿಯೇ ಇದೆ. ಕೆಳಗೆ ತೆವಳುತ್ತಿರುವವನಿಗೆ ಮೇಲಿನಿಂದ ಆ ಸದ್ದು ಕೇಳಿಸುವುದು. ಅದನ್ನು ವಿನೋದವೆಂದು ಭಾವಿಸುವವರು ಹೆಚ್ಚು. ಹೊರಬಂದವರಿಗೆ ಬೇಯಿಸಿದ ಮರಗೆಣಸನ್ನು ಕಡಲೆಕಾಯಿ, ಎಳ್ಳು, ಉಪ್ಪು ಬೆರೆಸಿದ ಪುಡಿಯೊಡನೆ ಕೊಡುತ್ತಾರೆ.

೨೦೨೫ರ ಜುಲೈ ೧ರಂದು ಕು ಚಿ ಜಿಲ್ಲೆಯೂ ಆಡಳಿತದ ಲೆಕ್ಕದಿಂದ ಅಳಿಯಿತು. ಅದೇ ದಿನ ನದಿಯ ಆಚೆಯ ಬಿನ್ ಯುಂಗ್ ಪ್ರಾಂತ್ಯವನ್ನು ಹೋ ಚಿ ಮಿನ್ ನಗರದಲ್ಲಿ ಸೇರಿಸಿದರು. ಬೆನ್ ಸುಕ್ ಇದ್ದ ದಡವೂ ಬೆನ್ ಡುವಾಕಿನ ಮಂದಿರವಿರುವ ದಡವೂ ಈಗ ಒಂದೇ ನಗರದ ಎಲ್ಲೆಯೊಳಗಿವೆ. ನಡುವೆ ಸೈಗಾನ್ ನದಿಯು ಹರಿಯುತ್ತಿದೆ.